ಮೂರನೆಯ ಕಂಪ್ಯೂಟರ್

“ರೌಟರ್ ಬೇಕಾ? ಮನೇಲಿ ಎಷ್ಟು ಕಂಪ್ಯೂಟರ್ ಇವೆ?” ಎಂದು ಅಂಗಡಿಯ ಮುದುಕ ಚಿಯು ಕೇಳಿದಾಗ ಅಪ್ಪ, ಅಮ್ಮ ಇಬ್ಬರೂ ಹೊಯ್‌ಕೀಯ ಮುಖ ನೋಡಿದರು. ಡೈವೋರ್ಸ್ ಆದಾಗಿನಿಂದ ಅವರಿಬ್ಬರ ಮಾತೆಲ್ಲ ಹನ್ನೊಂದು ವರ್ಷದ ಈ ಹುಡುಗಿಯ ಮೂಲಕವೇ ನಡೆಯಬೇಕಿತ್ತು.

“ಮೂರು,” ಎಂದಳು ಹೊಯ್‌ಕೀ.

“ಹಾಗಿದ್ರೆ ಇದು ತಗೊಳ್ಳಿ, ಸಂಸಾರಕ್ಕೆ ಹೇಳಿ ಮಾಡಿಸಿದ್ದು. ಒಂದೇ ಪಾಸ್‌ವರ್ಡು, ಮೂರಕ್ಕೂ ನೆಟ್ಟು. ನಿಮ್ಮ ಯಜಮಾನ್ರ ಕಂಪ್ಯೂಟರಲ್ಲಿರೋ ಫೋಟೋನೂ ನೀವು ನೋಡ್ಬಹುದು, ಮೇಡಂ.”

“ಅವರು ನನ್ನ ಯಜಮಾನ್ರಲ್ಲ.”

“ಓ... ಹಾಗಾದ್ರೆ ಎರಡು ಮನೆಗೆ ಎರಡು ರೌಟರ್...”

“ಮನೆ ಒಂದೇ,” ಎಂದ ಅಪ್ಪ.

ಶಾಮ್ ಶುಯಿ ಪೋದ ಕಂಪ್ಯೂಟರ್ ಪೇಟೆಯಲ್ಲಿ ಮೂವತ್ತು ವರ್ಷ ವ್ಯಾಪಾರ ಮಾಡಿದ ಚಿಯುಗೆ ಅರ್ಥವಾಗಲು ಅಷ್ಟು ಸಾಕಾಯಿತು. ಸರ್ಕಾರಿ ಫ್ಲ್ಯಾಟಿನ ಸರದಿ ಬರುವಷ್ಟರಲ್ಲಿ ಕೂದಲು ನರೆಯುವ ಊರು ಹಾಂಗ್‌ಕಾಂಗ್. ಗಂಡ ಹೆಂಡತಿ ಬೇರೆಯಾಗಬಹುದು, ಬೇರೆ ಹೋಗಲು ಜಾಗವೆಲ್ಲಿದೆ? ಇವರ ಒಂದೇ ಕೋಣೆಯ ನಡುವೆಯೂ ಪ್ಲೈವುಡ್ ಗೋಡೆ ಎದ್ದಿತ್ತು. ಎರಡು ರೈಸ್ ಕುಕ್ಕರ್, ಫ್ರಿಜ್ಜಿನೊಳಗೆ ಟೇಪು ಅಂಟಿಸಿದ ಗಡಿ, ಬಚ್ಚಲಿಗೂ ವೇಳಾಪಟ್ಟಿ. ಹಂಚದೆ ಉಳಿದದ್ದು ಇಂಟರ್ನೆಟ್ಟಿನ ತಂತಿ ಮತ್ತು ಹೊಯ್‌ಕೀ. ಮುಂದಿನ ತಿಂಗಳು ಕೋರ್ಟಿನ ಪರವಾಗಿ ಒಬ್ಬ ಅಧಿಕಾರಿ ಮನೆಗೆ ಬರುವವರಿದ್ದರು. ಯಾರ ಹತ್ತಿರ ಇರುತ್ತೀಯಾ ಎಂದು ಅವಳನ್ನೇ ಕೇಳುತ್ತಾರಂತೆ.

ಚಿಯು ಇನ್ನೊಂದು ಡಬ್ಬ ಇಳಿಸಿದ. “ಹಾಗಿದ್ರೆ ಇದು ನೋಡಿ. ಒಂದೇ ತಂತಿಯಿಂದ ಬೇರೆ ಬೇರೆ ನೆಟ್‌ವರ್ಕ್ ಮಾಡುತ್ತೆ. ಅವರದ್ದು ಇವರಿಗೆ ಕಾಣಲ್ಲ, ಇವರದ್ದು ಅವರಿಗೆ ಕಾಣಲ್ಲ.”

“ಆಗುತ್ತಾ ಅಂತ ನಿಮ್ಮಮ್ಮನ್ನ ಕೇಳು.”

“ಆಗುತ್ತೆ ಅಂತ ಹೇಳು. ಗೇಮ್ ಆಡಿ ಆಡಿ ನನ್ನ ಪಾಲಿನ ನೆಟ್ಟನ್ನೂ ನುಂಗೋದು ಇನ್ನು ತಪ್ಪುತ್ತೆ ಅಂತಾನೂ ಹೇಳು.”

“ಆಗುತ್ತಂತೆ,” ಎಂದಳು ಹೊಯ್‌ಕೀ. ಅರ್ಧ ಹೇಳಿ ಅರ್ಧ ಬಿಡುವುದು ಅವಳಿಗೆ ರೂಢಿಯಾಗಿತ್ತು.

ಚಿಯು ಚೀಟಿಯ ನಡುವೆ ಒಂದು ಗೆರೆ ಎಳೆದ. “ಇಲ್ಲೇ ಸೆಟ್ ಮಾಡ್ಕೊಡ್ತೀನಿ. ಈ ಕಡೆ ಸಾರ್‌ದು, ಈ ಕಡೆ ಮೇಡಂದು.” ಪೆನ್ನು ನಿಂತಿತು. “ಮೂರನೇದು ಯಾರ ಕಡೆ?”

“ನನ್ನ ಕಡೆ,” ಎಂದರು ಇಬ್ಬರೂ ಒಟ್ಟಿಗೇ.

“ನಿಂಗೆ ಬೇಯಿಸಿ ಹಾಕೋಳು ಯಾರು, ಹೋಂವರ್ಕ್ ಮಾಡಿಸೋಳು ಯಾರು ಅಂತ ನಿಮ್ಮಪ್ಪಂಗೆ ಹೇಳು!”

“ಕಂಪ್ಯೂಟರ್ ಕೊಡಿಸಿದ್ದು ಯಾರು ಅಂತ ನಿಮ್ಮಮ್ಮಂಗೆ ಹೇಳು!”

“ಆ ಅಧಿಕಾರಿಗೆ ತೋರ್ಸೋಕೆ ತಾನೇ ಕೊಡಿಸಿದ್ದು ಅಂತ ಕೇಳು!”

ಇಷ್ಟೂ ಮಾತು ಹುಡುಗಿಯ ಮುಖ ನೋಡಿಕೊಂಡೇ ನಡೆಯಿತು. ಅವಳನ್ನು ಗೆಲ್ಲುವ ಆಸೆಗಿಂತ ಎದುರಿನವರಿಗೆ ಬಿಟ್ಟುಕೊಡಬಾರದೆಂಬ ಹಠವೇ ಇಬ್ಬರಿಗೂ ದೊಡ್ಡದಾಗಿತ್ತು. ಎದುರಂಗಡಿಯವರು ಕತ್ತು ಚಾಚಿ ನೋಡತೊಡಗಿದರು. ಹೊಯ್‌ಕೀಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

“ಪುಟ್ಟೀ, ನೀನೇ ಹೇಳಮ್ಮ. ಯಾವ ಕಡೆ ಹಾಕ್ಲಿ?” ಎಂದ ಚಿಯು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದ.

ಅಧಿಕಾರಿಯ ಪ್ರಶ್ನೆ ಒಂದು ತಿಂಗಳು ಮೊದಲೇ ಬಂದು ಎದುರಿಗೆ ನಿಂತಿತ್ತು. ಅವಳು ತಲೆ ತಗ್ಗಿಸಿ ಡಬ್ಬವನ್ನೇ ನೋಡಿದಳು.

“ಇಲ್ಲಿ ಮೂರು ನೆಟ್‌ವರ್ಕ್ ಅಂತ ಬರ್ದಿದ್ಯಲ್ಲ. ಮೂರನೇದು ಯಾರಿಗೆ?”

“ಅದಾ? ಅದು ಅತಿಥಿಗಳಿಗೆ. ಮನೆಗೆ ಬಂದುಹೋಗೋರು ಇರ್ತಾರಲ್ಲ, ಅವರಿಗೆ. ಮನೆಯವರದ್ದು ಏನೂ ಅವರಿಗೆ ಕಾಣಲ್ಲ. ಕೊಟ್ಟ ಹೊತ್ತು ಮುಗಿದ ಮೇಲೆ ತಾನಾಗೇ ನಿಂತುಹೋಗುತ್ತೆ.”

“ನನ್ನನ್ನ ಅದಕ್ಕೆ ಹಾಕಿ.”

ಹೇಳಿ, ಕಾದಳು. ಅಮ್ಮ ಕಿವಿ ಹಿಂಡಬೇಕು, ಇಲ್ಲ ಅಪ್ಪ ಗದರಬೇಕು: ನೀನು ಮನೆ ಮಗಳು ಕಣೇ, ಅತಿಥಿ ಅಂದ್ರೇನು ಅಂತ. ಯಾರು ಮೊದಲು ಬೈಯುತ್ತಾರೋ ಅವರ ಕಡೆ ಹೋಗಿಬಿಡುವುದು ಎಂದು ಆ ಕ್ಷಣದಲ್ಲಿ ನಿರ್ಧರಿಸಿದ್ದಳು.

ಇಬ್ಬರ ಮುಖವೂ ಒಮ್ಮೆಲೇ ಹಗುರಾಯಿತು.

“ಅದೇ ಸರಿ,” ಎಂದ ಅಪ್ಪ.

“ಹೌದು, ಯಾರಿಗೂ ತಕರಾರಿಲ್ಲ.” ಅಮ್ಮ ಅವಳ ತಲೆ ಸವರಿದಳು. “ಎಷ್ಟು ಜಾಣೆ ನೋಡಿ ನನ್ನ ಮಗಳು.”

“ನನ್ನ ಮಗಳು,” ಎಂದು ಅಪ್ಪ ತಿದ್ದಿದ.