ಹತ್ತು ಗುಂಡಿನ ಮ್ಯಾಗಜಿನ್

ವಿಜಯದಶಮಿ ಕಳೆದು ಬಂದ ಶನಿವಾರದ ಬೆಳಗ್ಗೆ ನೈರೋಬಿಯಲ್ಲಿ ಮಳೆಯೂ ಬರಲಿಲ್ಲ, ಬಿಸಿಲೂ ಬರಲಿಲ್ಲ. ಒಗೆದು ಹಿಂಡದ ಬಟ್ಟೆಯಂಥ ಮೋಡವೊಂದು ಊರಿನ ಮೇಲೆ ಕೂತುಬಿಟ್ಟಿತ್ತು. ರೈಫಲ್ ಕ್ಲಬ್ಬಿನ ತಗಡಿನ ಮಾಡಿನ ಮೇಲೆ ಜಕರಂಡಾ ಹೂಗಳು ಸದ್ದಿಲ್ಲದೆ ಉದುರುತ್ತಿದ್ದವು. ಮಾಡಿನ ಕೆಳಗೆ ಕ್ಲಬ್ಬಿನ ತಂಡಕ್ಕೆ ಆಯ್ಕೆ ನಡೆದಿತ್ತು. ಹೃಷಿಕೇಶನ ರೈಫಲ್ಲು ಎರಡು ಗುಂಡು ಹಾರಿಸಿ, ಮೂರನೆಯದಕ್ಕೆ ಮೌನವ್ರತ ಹಿಡಿಯಿತು.

ಗುಂಡು ತುಂಬುವ ಮ್ಯಾಗಜಿನ್ನನ್ನು ಕಳಚಿ ಅವನು ಮೇಜಿನ ಮೇಲೆ ಕುಕ್ಕಿದ. "ಅವತ್ತೇ ಹೇಳ್ಲಿಲ್ವಾ ಡಾಕ್ಟ್ರೇ? ಇದೇನು ಮ್ಯಾಗಜಿನ್ನಾ? ನಶ್ಯದ ಡಬ್ಬಿ! ಎಲ್ಲಾ ನಿಮ್ಮ ಕಿಮಾನಿ ಆರಿಸಿ ಕೊಟ್ಟಿದ್ದು."

ಡಾಕ್ಟರ್ ಬಾಲಕೃಷ್ಣ ಕ್ಲಬ್ಬಿನ ಕಾರ್ಯದರ್ಶಿ, ಮೂವತ್ತು ವರ್ಷದಿಂದ ಈ ಊರಿನವರು. ಕಿಮಾನಿ ಅಲ್ಲಿನ ಬಂದೂಕುಗಳನ್ನು ರಿಪೇರಿ ಮಾಡುವವನು, ಅರವತ್ತು ದಾಟಿದೆ. ಹೃಷಿಕೇಶನ ಲೈಸೆನ್ಸಿನ ಪ್ರಕಾರ ಹತ್ತಕ್ಕಿಂತ ಹೆಚ್ಚು ಗುಂಡು ಹಿಡಿಯುವ ಮ್ಯಾಗಜಿನ್ ಅವನಲ್ಲಿ ಇರುವಂತಿರಲಿಲ್ಲ. ತಿಂಗಳ ಹಿಂದೆ ಕಿಮಾನಿ ಎರಡು ಬಗೆಯದನ್ನು ಮುಂದಿಟ್ಟಿದ್ದ. ಒಂದು ಮೂವತ್ತು ಗುಂಡಿನದು, ಉದ್ದ. ಒಳಗೆ ಅಡ್ಡ ಕೂರಿಸಿ ಹತ್ತಕ್ಕೆ ಇಳಿಸಿದ್ದರು. ಇನ್ನೊಂದು ಹುಟ್ಟಾ ಹತ್ತರದೇ, ಮೋಟು. ಉದ್ದದ್ದು ಫೋಟೊದಲ್ಲಿ ಎದ್ದು ಕಾಣುತ್ತದೆಂದು ಹೃಷಿಕೇಶ ಅದಕ್ಕೇ ಕೈ ಹಾಕಿದ್ದ. "ಇದು ಆಗಾಗ ತಡವರಿಸುತ್ತದೆ" ಎಂದ ಕಿಮಾನಿ, ಮೋಟು ಮ್ಯಾಗಜಿನ್ನಿನಲ್ಲಿ ಅವನ ಕಣ್ಣೆದುರೇ ಇನ್ನೂರು ಗುಂಡು ಹಾರಿಸಿ ತೋರಿಸಿದ. ಒಂದೂ ಸಿಕ್ಕಿಕೊಳ್ಳಲಿಲ್ಲ. ಬೇರೆ ದಾರಿಯಿಲ್ಲದೆ ಹೃಷಿಕೇಶ ಅದನ್ನು ಕೊಂಡುಕೊಂಡಿದ್ದ. ತನಗಿಂತ ಹೆಚ್ಚು ಬಲ್ಲವನು ಎದುರು ನಿಂತದ್ದು ಮಾತ್ರ ಅವನಿಗೆ ಜೀರ್ಣವಾಗಿರಲಿಲ್ಲ.

"ನಿಧಾನ ಕಣಯ್ಯಾ ಹೃಷೀ. ಮ್ಜೇ ಒಂದ್ಸಲ ಬಿಚ್ಚಿ ನೋಡ್ಲಿ" ಎಂದರು ಡಾಕ್ಟರು. ಕಿಮಾನಿಯಂಥ ಹಿರಿಯರನ್ನು ಅಲ್ಲಿ ಮ್ಜೇ ಎಂದು ಕರೆಯುತ್ತಾರೆ.

"ಮ್ಜೇ ಅಂತೆ! ಮಟಾಟು ವ್ಯಾನಿನ ಗ್ಯಾರೇಜಲ್ಲಿ ಸ್ಪ್ಯಾನರ್ ಹಿಡಿಯೋಕೆ ಲಾಯಕ್ಕು. ಸೋಮವಾರ ಕಮಿಟಿ ಇವನ ಕಾಂಟ್ರಾಕ್ಟ್ ನೋಡುತ್ತಲ್ಲ, ಈಗ್ಲೇ ಬರೀತೀನಿ ನೋಡಿ. ಇವನು ಮನೆಗೆ ಹೋಗ್ಬೇಕು, ಅಷ್ಟೇ." ಹೃಷಿಕೇಶ ಫೋನು ತೆಗೆದು ಬಲಗೈ ಹೆಬ್ಬೆರಳಿನಿಂದ ಕುಟ್ಟತೊಡಗಿದ. ಕುಟ್ಟುತ್ತಲೇ ಗೊಣಗಿದ: "ನನ್ನ ಕಡೆಯಿಂದ ಏನು ಕಮ್ಮಿ ಮಾಡಿದೀನಿ ಹೇಳಿ? ಮೊನ್ನೆ ಈ ರೈಫಲ್ಲನ್ನ ಕ್ಲಬ್ ರಿಜಿಸ್ಟರಲ್ಲಿ ಸೈನ್ ಮಾಡಿ ರಿವರ್‌ಸೈಡ್‌ಗೆ ನಮ್ಮನೆಗೆ ತಗೊಂಡ್ಹೋಗಿ, ಪುರೋಹಿತರನ್ನ ಕರೆಸಿ, ಆಯುಧಪೂಜೆ ಮಾಡ್ಸಿದೀನಿ. ಕಾರ್ ಕೀ, ಲ್ಯಾಪ್‌ಟಾಪು, ಮಧ್ಯದಲ್ಲಿ ಇದು. ಗ್ರೂಪಲ್ಲಿ ಫೋಟೊ ನೋಡಿದ್ರಲ್ಲ?"

"ನೋಡ್ದೆ. ಸದ್ಯ, ಲ್ಯಾಪ್‌ಟಾಪು ಮುಚ್ಚಿತ್ತು."

"ತಮಾಷೆ ಬೇಡಿ ಸಾರ್. ದೇವರೇ ಕಾಯ್ತೀನಿ ಅಂದ್ರೂ ಇಂಥೋರು ಬಿಡಲ್ಲ."

ಮೇಜಿನ ಆಚೆ ನಿಂತಿದ್ದ ಕಿಮಾನಿಗೆ ಅವರ ಕನ್ನಡ ಅರ್ಥವಾಗಲಿಲ್ಲ. ತನ್ನ ಹೆಸರು ಯಾವ ದನಿಯಲ್ಲಿ ಬಂತು, ಅದಷ್ಟು ಅರ್ಥವಾಯಿತು. ಅವನು ಉಳಿದ ಎಂಟು ಗುಂಡುಗಳನ್ನು ಹೊರತೆಗೆದು ಸಾಲಾಗಿ ನಿಲ್ಲಿಸಿದ. ಅಡಿಯ ತಗಡು ಜಾರಿಸಿ, ಸ್ಪ್ರಿಂಗನ್ನು ಎಳೆದು, ಕನ್ನಡಕವನ್ನು ಹಣೆಗೇರಿಸಿ ಒಳಗೆ ಇಣುಕಿದ. ಆಮೇಲೆ ಚಿಮಟ ಹಾಕಿ ಒಳಗೋಡೆಗೆ ಕಚ್ಚಿಕೊಂಡಿದ್ದ ಏನನ್ನೋ ಮೆಲ್ಲಗೆ ಬಿಡಿಸಿದ, ಕಣ್ಣಿನ ಧೂಳು ತೆಗೆಯುವವನ ಹಾಗೆ.

ಅರಿಸಿನ ಬಳಿದ ಒಂದು ಅಕ್ಕಿಕಾಳು. ತುದಿಯಲ್ಲಿ ಕುಂಕುಮ.

ಹೃಷಿಕೇಶ ಇನ್ನೂ ಫೋನಿನಲ್ಲೇ ಮುಳುಗಿದ್ದ; ಡಾಕ್ಟರು ಬಗ್ಗಿ ನೋಡಿದರು. ನಗು ಬಂತು, ಕಿಮಾನಿಯ ಮುಖ ನೋಡಿ ಅದನ್ನು ನುಂಗಿಕೊಂಡರು. ಇನ್ನೂರು ಗುಂಡಿಗೆ ಜಗ್ಗದ ಮ್ಯಾಗಜಿನ್ನನ್ನು ಭಕ್ತಿಯ ಒಂದು ಕಾಳು ಕಟ್ಟಿ ನಿಲ್ಲಿಸಿತ್ತು. ಕಿಮಾನಿ ಮೇಜನ್ನು ಗುದ್ದಲಿಲ್ಲ, ಯಾರನ್ನೂ ಕೂಗಿ ಕರೆಯಲಿಲ್ಲ. ಬಂದೂಕಿನ ನಳಿಗೆ ಒರೆಸುವ ಬಿಳಿ ಬಟ್ಟೆಯ ಚೂರುಗಳಲ್ಲಿ ಹೊಸದೊಂದನ್ನು ಹುಡುಕಿ, ಕಾಳನ್ನು ಅದರ ಮೇಲಿಟ್ಟು, ಡಾಕ್ಟರನ್ನು ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದ: "ಇದು ಅವರ ದೇವರ ಮುಂದಿನದು, ಅಲ್ಲವೇ?"

"ಹೌದು ಮ್ಜೇ."

"ನಮ್ಮ ಚರ್ಚಿನಲ್ಲೂ ಪ್ರಸಾದದ ರೊಟ್ಟಿಯ ಪುಡಿ ನೆಲಕ್ಕೆ ಬೀಳದಂತೆ ನೋಡಿಕೊಳ್ಳುತ್ತೇವೆ."

ಅವನು ಮ್ಯಾಗಜಿನ್ನನ್ನು ಒರೆಸಿ ಜೋಡಿಸಿದ. ಅದೇ ಎಂಟು ಗುಂಡು ತುಂಬಿದ. ಹೃಷಿಕೇಶನ ರೈಫಲ್ಲನ್ನು ಎತ್ತಿಕೊಂಡು ಗುಂಡು ಹಾರಿಸುವ ಕಟ್ಟೆಗೆ ಹೋಗಿ ನಿಂತ. ಎಂಟೂ ಒಂದರ ಹಿಂದೊಂದು ಹೋದವು. ಕೊನೆಯ ಸದ್ದಿಗೆ ಮಾಡಿನ ಮೇಲಿಂದ ಹೂವಿನ ಮುಷ್ಟಿಯೊಂದು ಜಾರಿ ಬಿತ್ತು. ಹೃಷಿಕೇಶನ ಹೆಬ್ಬೆರಳು ಫೋನಿನ ಮೇಲೆ ನಿಂತಿತು.

"ಅದ್ ಹೆಂಗೆ?" ಎಂದ ಅವನು. "ಏನ್ ಮಾಡಿದ ಇವನು?"

ಕಿಮಾನಿ ಖಾಲಿ ರೈಫಲ್ಲನ್ನು ಅದರ ಜಾಗದಲ್ಲಿಟ್ಟು ಬಂದ. ಬಿಳಿ ಬಟ್ಟೆಯ ಚೂರನ್ನು ಬಲ ಅಂಗೈಯಲ್ಲಿಟ್ಟುಕೊಂಡು, ಎಡಗೈಯನ್ನು ಬಲ ಮೊಣಕೈಗೆ ತಾಗಿಸಿದ. ದೊಡ್ಡವರಿಗೆ ಏನನ್ನಾದರೂ ಕೊಡುವಾಗ ಅವನ ಜನ ಹಾಗೆ ಕೊಡುತ್ತಾರೆ. "ಇದು ನಿಮ್ಮದು, ಸರ್. ಒಳಗೆ ಸಿಕ್ಕಿಕೊಂಡಿತ್ತು" ಎಂದ.

ಹೃಷಿಕೇಶ ಬಗ್ಗಿ ನೋಡಿದ. ಕಿವಿಯ ತನಕ ಕೆಂಪಾದ. ಬಲಗೈಯಲ್ಲಿ ಫೋನಿತ್ತು, ಫೋನಿನಲ್ಲಿ ಅರ್ಧ ಬರೆದ ದೂರಿತ್ತು. ಎಡಗೈ ತಾನಾಗಿ ಮುಂದೆ ಬಂತು; ಅಕ್ಷತೆಯನ್ನು ಎಡಗೈಯಲ್ಲಿ ತೆಗೆದುಕೊಳ್ಳಬಾರದೆಂದು ನೆನಪಾಗಿ ನಡುವೆಯೇ ನಿಂತಿತು.

ಕಿಮಾನಿ ಅಂಗೈ ಚಾಚಿಕೊಂಡೇ ಕಾದ.