ಆರು ಅಂಕದ ಚೀಲ

“ಇಪ್ಪತ್ಮೂರು,” ಅಂದಳು ಧನುಶ್ರೀ ಫೋನಿನಲ್ಲಿ. “ಮೂವತ್ತಕ್ಕೆ. ತಗೊಳ್ಳಲಾ, ಬೇಡ ಅನ್ನಲಾ? ಬೇಗ ಹೇಳಮ್ಮ, ಐದೇ ನಿಮಿಷ ಇರೋದು.”

ನೆದರ್ಲೆಂಡ್ಸಿನ ರೈಸ್‌ವೈಕ್‌ನಲ್ಲಿ, ಎರಡನೇ ಮಹಡಿಯ ಅಡುಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತಿದ್ದ ಊರ್ಮಿಳಾ ಚಾಕು ಕೆಳಗಿಟ್ಟಳು. ಮಗಳು ಒಂದು ಸೆಮಿಸ್ಟರ್ ಓದಲೆಂದು ಇಟಲಿಯ ಬೊಲೊನ್ಯಾಕ್ಕೆ ಹೋಗಿ ಐದು ತಿಂಗಳಾಗಿತ್ತು. ಇದೇ ಕೊನೆಯ ಪರೀಕ್ಷೆ. ಶನಿವಾರ ವಾಪಸು ಬರಲು ಟಿಕೆಟ್ ಕೂಡ ಆಗಿತ್ತು.

“ಮಾರ್ಕ್ಸನ್ನ ಬೇಡ ಅನ್ನೋದು ಅಂದ್ರೇನೇ? ಕೊಟ್ಟಮೇಲೆ ಕೊಟ್ಟ ಹಾಗಲ್ವಾ?”

“ಇಲ್ಲಿ ಹಾಗಲ್ಲ. ಎದುರಿಗೆ ಕೂರಿಸ್ಕೊಂಡು ಬಾಯಲ್ಲೇ ಪ್ರಶ್ನೆ ಕೇಳ್ತಾರೆ. ಮುಗಿದ ಮೇಲೆ, ಇಷ್ಟು ಕೊಡ್ತೀನಿ, ಒಪ್ಪಿಗೆನಾ ಅಂತಾರೆ. ಹ್ಞೂಂ ಅಂದ್ರೆ ಬರ್ಕೋತಾರೆ. ಇಲ್ಲಾಂದ್ರೆ ಅದನ್ನ ಬಿಟ್ಟು ಮುಂದಿನ ತಿಂಗಳು ಮತ್ತೆ ಪರೀಕ್ಷೆಗೆ ಕೂರ್ಬೇಕು, ಟಿಕೆಟ್ ಕ್ಯಾನ್ಸಲ್. ಪ್ರೊಫೆಸರ್ ಪಾಪ, ಇನ್ನೊಬ್ಬ ಹುಡುಗಿದು ಮುಗಿಯೋವರೆಗೂ ಯೋಚನೆ ಮಾಡು ಅಂದ್ರು. ಅಪ್ಪ ಮೀಟಿಂಗಲ್ಲಿದ್ದಾರೆ ಅನ್ಸುತ್ತೆ, ಎತ್ತುತ್ತಿಲ್ಲ.”

“ನಿನಗೇನನ್ಸುತ್ತೆ?”

“ನನಗೆ ಖುಷಿಯಾಗಿತ್ತಮ್ಮ. ಅಷ್ಟೂ ಇಟಾಲಿಯನ್‌ನಲ್ಲೇ ಹೇಳ್ದೆ, ಗೊತ್ತಾ? ಆಮೇಲೆ ನಿನ್ನ ಜ್ಞಾಪಕ ಬಂತು.” ಧನು ನಕ್ಕಳು. “ಉಳಿದ ಏಳು ಎಲ್ಲಿ ಹೋಯ್ತು ಅಂತ ಕೇಳ್ತೀಯಲ್ಲ.”

ಕೇಳುತ್ತಿದ್ದಳು, ಸುಳ್ಳಲ್ಲ. ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಓದಿ ಎರಡೇ ಅಂಕದಲ್ಲಿ ಫಸ್ಟ್ ಕ್ಲಾಸ್ ಕಳೆದುಕೊಂಡ ಊರ್ಮಿಳಾ, ಅಂದಿನಿಂದ ಯಾವ ಅಂಕ ಕಿವಿಗೆ ಬಿದ್ದರೂ ಮೊದಲು ಮಾಡುತ್ತಿದ್ದುದು ಕಳೆಯುವ ಲೆಕ್ಕ. ಹತ್ತಕ್ಕೆ ಆರು ತೆಗೆದು ಹಾಡುತ್ತಾ ಸೈಕಲ್ ಹೊಡೆಯುವ ಈ ಊರಿನ ಮಕ್ಕಳನ್ನು ಕಂಡರೆ ಅವಳಿಗೆ ದಿಗಿಲಾಗುತ್ತಿತ್ತು. ಧನು ಹೈಸ್ಕೂಲು ಮುಗಿಸಿದ ಜೂನ್‌ನಲ್ಲಿ ಬೀದಿಯ ಉದ್ದಕ್ಕೂ ಪಾಸಾದವರ ಮನೆಗಳ ಮುಂದೆ ಬಾವುಟ ಹಾರಿತ್ತು, ಬಾವುಟದ ಕೋಲಿಗೆ ಶಾಲೆಯ ಚೀಲ ನೇತಾಡಿತ್ತು. ಇಲ್ಲಿನ ಪದ್ಧತಿ ಅದು. “ಗಣಿತದಲ್ಲಿ ಆರು ತಗೊಂಡಿದ್ದೀಯ, ಅದಕ್ಕೂ ಮೆರವಣಿಗೆ ಬೇಕಾ?” ಅಂದಿದ್ದಳು ಊರ್ಮಿಳಾ. ಧನು ನೇತುಹಾಕಲೆಂದು ತಂದಿದ್ದ ತನ್ನ ನೀಲಿ ಚೀಲವನ್ನು ಒಳಗೆ ತೆಗೆದುಕೊಂಡು ಹೋಗಿದ್ದಳು.

ಈಗಲೂ ಪ್ರಶ್ನೆ ಬಾಯಿಗೆ ಬಂದೇಬಿಟ್ಟಿತ್ತು. ಅಷ್ಟರಲ್ಲಿ ಕಣ್ಣು ಮೆಂತ್ಯದ ಡಬ್ಬಿಯ ಮೇಲೆ ಬಿತ್ತು. ಅದರ ಹಿಂದೆ ಸೋಮವಾರದಿಂದ ಒಂದು ಲಕೋಟೆ ಅಡಗಿ ಕೂತಿತ್ತು. ಎರಡು ಚಳಿಗಾಲ ಸಂಜೆ ತರಗತಿಗೆ ಹೋಗಿ, ಡಚ್ ಮಾತಾಡುವ ಸರ್ಕಾರಿ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿ, ಮೂರನೇ ಸಲ ಅವಳು ಪಾಸಾಗಿದ್ದಳು. ಬಂದದ್ದು ಆರು. ಮಗಳ ಆರಕ್ಕೆ ಅಷ್ಟು ಮಾತಾಡಿದವಳು ತನ್ನ ಆರನ್ನು ಯಾವ ಬಾಯಲ್ಲಿ ಹೇಳುವುದು? ಗಂಡ ದಿವಾಕರನಿಗೂ ಹೇಳಿರಲಿಲ್ಲ.

“ಅಮ್ಮಾ? ಆ ಹುಡುಗಿ ಎದ್ದಳು.”

ಒಪ್ಪಿಕೋ ಅಂದು, ಮುಂದೆ ಈ ಇಪ್ಪತ್ಮೂರೇ ಎಲ್ಲಾದರೂ ಅಡ್ಡ ಬಂದರೆ? ಬೇಡ ಅನ್ನು ಎಂದು, ಮುಂದಿನ ತಿಂಗಳು ಇದಕ್ಕಿಂತ ಕಡಿಮೆ ಬಂದರೆ?

“ಪಾಸಿಗೆಷ್ಟು?”

“ಹದಿನೆಂಟು.”

“ಮತ್ತೇನು? ಒಪ್ಕೋ. ಒಪ್ಕೊಂಡು ಶನಿವಾರ ಮನೆಗೆ ಬಾ.”

“ಉಳಿದ ಏಳು?”

“ಅವರ ಹತ್ರಾನೇ ಇರ್ಲಿ ಬಿಡೇ. ಇನ್ಯಾರಿಗಾದ್ರೂ ಆಗುತ್ತೆ.” ಊರ್ಮಿಳಾ ಡಬ್ಬಿಯ ಹಿಂದಿನಿಂದ ಲಕೋಟೆಯನ್ನು ಎಳೆದುಕೊಂಡಳು. “ಧನು, ನನಗೆ ಆರು ಬಂದಿದೆ ಕಣೇ. ಡಚ್ಚಲ್ಲಿ.”

“ಏನು? ಪಾಸಾ? ಯಾವಾಗ?”

“ಸೋಮವಾರ.”

“ಸೋಮವಾರಾನಾ! ನಾಲ್ಕು ದಿನದಿಂದ ಬಚ್ಚಿಟ್ಟಿದ್ದೀಯಾ!” ಬೊಲೊನ್ಯಾದ ಕಾಲೇಜಿನ ಮೊಗಸಾಲೆ ಮೊಳಗುವಂತೆ ಕೂಗಿದಳು ಧನು. “ಅದಿರ್ಲಿ, ಉಳಿದ ನಾಲ್ಕು ಎಲ್ಲಿ ಹೋಯ್ತಮ್ಮ?”

“ಹೋಗೇ, ಕರೀತಿದ್ದಾರೆ ನೋಡು!”

ಫೋನಿಟ್ಟ ಮೇಲೆ ಊರ್ಮಿಳಾ ಹುರುಳಿಕಾಯಿಯ ಕಡೆ ತಿರುಗಲಿಲ್ಲ. ಮಗಳ ಕೋಣೆಯ ಬೀರುವಿನ ತಳದಿಂದ ಆ ಹಳೆಯ ನೀಲಿ ಚೀಲವನ್ನು ಎಳೆದಳು. ಅದರೊಳಗೆ ತನ್ನ ಡಚ್ ನೋಟ್‌ಬುಕ್ಕನ್ನೂ ಲಕೋಟೆಯನ್ನೂ ತುಂಬಿದಳು. ಮನೆಯಲ್ಲಿ ಬಾವುಟವಿರಲಿಲ್ಲ. ನೆಲ ಒರೆಸುವ ಕೋಲಿಗೆ ಬಟ್ಟೆ ಒಣಹಾಕುವ ಹಗ್ಗದಿಂದ ಚೀಲವನ್ನು ಎರಡೆರಡು ಗಂಟು ಹಾಕಿ ಬಿಗಿದು, ಬಿದ್ದುಬಿಟ್ಟೀತೇ ಎಂದು ಮೂರು ಸಲ ಎಳೆದು ನೋಡಿ, ಬಾಲ್ಕನಿಯಿಂದ ಹೊರಕ್ಕೆ ಚಾಚಿದಳು.

ಕೆಳಗೆ ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಪಕ್ಕದ ಮನೆಯ ಅಜ್ಜಿ ಹೆನ್ನಿ ಕತ್ತೆತ್ತಿ ನಿಂತಳು. “ಊರ್ಮಿಳಾ! ಜನವರಿಯಲ್ಲಿ ಚೀಲ? ಯಾರು ಪಾಸಾದರು?”

“ಇಬ್ಬರು,” ಅಂದಳು ಊರ್ಮಿಳಾ ಡಚ್ಚಿನಲ್ಲೇ. “ಇಟಲಿಯಲ್ಲಿ ನನ್ನ ಮಗಳು. ಇಲ್ಲಿ ನಾನು.”

ಹೆನ್ನಿ ಕೈಗವಸು ತೊಟ್ಟ ಕೈಗಳಿಂದಲೇ ದಬದಬ ಚಪ್ಪಾಳೆ ತಟ್ಟಿದಳು. ನಾಯಿ ಬೊಗಳಿತು. ಎಷ್ಟು ಬಂತು ಎಂಬ ಪ್ರಶ್ನೆ ಇನ್ನೇನು ಬಂದೇ ಬರುತ್ತದೆಂದು ಊರ್ಮಿಳಾ ಕೋಲನ್ನು ಬಿಗಿಯಾಗಿ ಹಿಡಿದು, ಉತ್ತರವನ್ನು ಡಚ್ಚಿನಲ್ಲಿ ನಾಲಿಗೆಯ ತುದಿಯಲ್ಲಿಟ್ಟುಕೊಂಡು ಕಾದಳು.

ಹೆನ್ನಿ ಕೇಳಲೇ ಇಲ್ಲ.