ನೆಟ್‌ಹೌಸಿಗೆ ಬಂದ ಪತಂಗ

"ಬಾಗಿಲು ಹಾಕಿದ್ಯಾ?" ಎಂದು ಅತ್ತಿಗೆ ಕೇಳುವಷ್ಟರಲ್ಲಿ ಅದು ಒಳಗೆ ಬಂದಾಗಿತ್ತು. ಹೆಬ್ಬೆರಳು ಗಾತ್ರದ ಮೈ, ಗಿಡುಗನಂಥ ಚೂಪು ರೆಕ್ಕೆ. ಪರಂಗಿ ಹೂವಿನ ಮೇಲೆ ಕೂರದೆ, ಗಾಳಿಯಲ್ಲೇ ನಿಂತು, ಉದ್ದನೆಯ ಸೊಂಡಿಲು ಇಳಿಬಿಟ್ಟು ಮಕರಂದ ಹೀರುತ್ತಿತ್ತು. ಗಿಡುಗ ಪತಂಗ.

ನಾದಿನಿಯ ಮುಖ ಬಿಳುಚಿತು. ಹುಳ ಬಾರದಂತೆ ಬಲೆ ಹೊದಿಸಿದ ಆ ನೆಟ್‌ಹೌಸಿನ ಬಾಗಿಲು ಹಾಕುವುದು ಅವಳ ಕೆಲಸ.

ಹೊರಗಿನ ತೋಟದಲ್ಲಾದರೆ ಈ ಪತಂಗ ಬಂದರೆ ಕಾಯಿಗೆ ಒಳ್ಳೆಯದೇ. ಇಲ್ಲಿ ಹಾಗಲ್ಲ. ಹೊಸ ತಳಿಯ ಬೀಜಕ್ಕೆ ಇಂಥದ್ದೇ ಗಂಡುಮರದ ಪರಾಗ ಎಂದು ಗೊತ್ತುಮಾಡಿದ್ದರು. ಅದನ್ನು ಇವರಿಬ್ಬರೂ ಕುಂಚದಿಂದ ಒಂದೊಂದು ಹೂವಿಗೂ ಮುಟ್ಟಿಸಬೇಕು. ಅದಕ್ಕೆಂದೇ ಆಗ ತಾನೇ ಎರಡು ಸಾಲಿನ ಹೂಗಳಿಗೆ ಮುಚ್ಚಿದ್ದ ಕಾಗದದ ಚೀಲ ಬಿಚ್ಚಿದ್ದರು. ಪತಂಗ ಯಾವ ತೋಟದ ಪರಾಗ ಹೊತ್ತು ತಂದಿತ್ತೋ, ಯಾವ ಯಾವ ಹೂ ಮುಟ್ಟಿತೋ.

ಇಬ್ಬರೂ ಬೆನ್ನು ಹತ್ತಿದರು. ಇಲ್ಲಿ ಎನ್ನುವಷ್ಟರಲ್ಲಿ ಅದು ಅಲ್ಲಿ. ಬೆಳಕು ಮಾಸುತ್ತಿತ್ತು. ಕೊನೆಗೆ ಅತ್ತಿಗೆ ಟವೆಲ್ ಬೀಸಿ ಹಿಡಿದಾಗ ಅದರ ತಲೆಯ ತುಂಬ ಹಳದಿ ಪುಡಿ. ಹೊರಗೆ ಬಿಟ್ಟು ಬಾಗಿಲು ಹಾಕಿದಳು.

"ಸುಮ್ನಿದ್ಬಿಡೋಣ ಅತ್ತಿಗೆ. ಬೀಜ ಹುಟ್ಟಿ, ಗಿಡ ಬೆಳೆದು ಫಲ ಬಿಡೋವರೆಗೂ ಯಾರಿಗೂ ಗೊತ್ತಾಗಲ್ಲ."

"ಆಮೇಲೆ ಗೊತ್ತಾಗುತ್ತಲ್ಲ."

"ಅಷ್ಟೊತ್ತಿಗೆ ನಾವೆಲ್ಲೋ, ಸಾರ್ ಎಲ್ಲೋ."

ಅತ್ತಿಗೆ ಸಾಲಿನ ಈ ತುದಿಯಿಂದ ಆ ತುದಿಗೆ ಎರಡು ಸಲ ಹೋಗಿ ಬಂದಳು. ಕುಂಚ ತೆಗೆದುಕೊಂಡಳು, ಇಟ್ಟಳು. ಮತ್ತೆ ತೆಗೆದುಕೊಂಡಳು. ಆಮೇಲೆ ಬುಟ್ಟಿ ಎಳೆದುಕೊಂಡು, ಚೀಲ ಬಿಚ್ಚಿದ್ದ ಹೂಗಳನ್ನೆಲ್ಲ ಒಂದೂ ಬಿಡದೆ ಕಿತ್ತು ಹಾಕತೊಡಗಿದಳು.

ಆ ತಳಿಯ ಹಿಂದೆ ಏಳು ವರ್ಷದಿಂದ ಬಿದ್ದಿದ್ದ ಮೇಲ್ವಿಚಾರಕರು ಬಂದಾಗ ಬುಟ್ಟಿ ತುಂಬಿತ್ತು.

"ಬಾಗಿಲು ಹಾಕೋದು ಮರ್ತೆ ಸಾರ್," ಅತ್ತಿಗೆ ಎಂದಳು. "ಪತಂಗ ಬಂದ್ಬಿಡ್ತು. ನನ್ನದೇ ತಪ್ಪು."

ಅವರು ಬುಟ್ಟಿಯೊಳಗೆ ಕೈಯಾಡಿಸಿದರು.

"ಇವತ್ತು ಹೇಳಿದ್ರಿ. ಹೇಳ್ದೇ ಇದ್ದಿದ್ದು ಎಷ್ಟು ಸಲ?"

ಅತ್ತಿಗೆಗೆ ಕೆನ್ನೆಗೆ ಹೊಡೆದಂತಾಯಿತು. "ಇದೇ ಮೊದಲು ಸಾರ್. ಬೇಕಾದ್ರೆ ಇವಳನ್ನೇ ಕೇಳಿ," ಎಂದು ತಿರುಗಿದಳು.

ನಾದಿನಿ ಅಲ್ಲಿರಲಿಲ್ಲ. ಒಳಗಿನ ಸಾಲಿನಿಂದ ನಿಧಾನಕ್ಕೆ ಬಂದಳು. ಆಗಲೇ ಮುಷ್ಟಿಗಾತ್ರಕ್ಕೆ ಬೆಳೆದಿದ್ದ ಎರಡು ಕಾಯಿಗಳನ್ನು ಕಿತ್ತು ತಂದಿದ್ದಳು. ತೊಟ್ಟಿನಿಂದ ಇನ್ನೂ ಹಾಲು ಸೋರುತ್ತಿತ್ತು. "ಇವು ಹೋದ ತಿಂಗಳದ್ದು ಸಾರ್," ಎಂದು ಅವನ್ನು ಅತ್ತಿಗೆಯ ಬುಟ್ಟಿಯಲ್ಲಿ, ಹೂಗಳ ಮೇಲೆ ಇಟ್ಟಳು.